ಏಳು ಜನಕ್ಕೆ ಒಂದು ಅಚ್ಚು ಬೆಲ್ಲ

ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ 22/7 ಗೊತ್ತು. ವೃತ್ತದ ಸುತ್ತಳತೆ ಕೇಳಲಿ, ವಿಸ್ತೀರ್ಣ ಕೇಳಲಿ, ಪೈ ಬಂದ ಕಡೆ 22/7 ಹಾಕಿ ಲೆಕ್ಕ ಮುಗಿಸುವುದು ನಮ್ಮೆಲ್ಲರ ರೂಢಿ. ಆ ಭಾಗಾಕಾರವನ್ನು 3.14ಕ್ಕೆ ತಂದು ನಿಲ್ಲಿಸಿಬಿಡುತ್ತೇವೆ. ನಿಲ್ಲಿಸದೆ ಮುಂದೆ ಹೋದವರಿಗೆ 3.142857142857142857... ಎಂದು ಅವೇ ಆರು ಅಂಕಿಗಳು ತಿರುತಿರುಗಿ ಬರುವುದು ಕಾಣುತ್ತದೆ. (ಪೈ ಹೀಗೆ ಮರುಕಳಿಸುವ ಸಂಖ್ಯೆಯಲ್ಲ. ಅದು 3.14159 ಎಂದು ಬೇರೆಯೇ ದಾರಿ ಹಿಡಿಯುತ್ತದೆ. 22/7 ಅದರ ಹತ್ತಿರದ ಬೆಲೆ ಮಾತ್ರ.)

ತಿರುಗಿ ಬರುವ ಆ ಆರು ಅಂಕಿಗಳನ್ನು ಬಿಡಿಸಿ ತೆಗೆದು ಒಂದು ಪೂರ್ಣಸಂಖ್ಯೆ ಮಾಡೋಣ: 142857. ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಇದರ ಮಗ್ಗಿ ಬರೆದು ನೋಡಿ.

142857 × 1 = 142857
142857 × 2 = 285714
142857 × 3 = 428571
142857 × 4 = 571428
142857 × 5 = 714285
142857 × 6 = 857142

ಉತ್ತರ ಪ್ರತಿ ಸಲ ಬೇರೆ, ಅಂಕಿಗಳು ಮಾತ್ರ ಅವೇ. ಅವುಗಳ ಸರದಿಯೂ ಕೆಟ್ಟಿಲ್ಲ. 1ರ ಹಿಂದೆ 4, 4ರ ಹಿಂದೆ 2, 2ರ ಹಿಂದೆ 8, 8ರ ಹಿಂದೆ 5, 5ರ ಹಿಂದೆ 7, ಮತ್ತೆ 7ರ ಹಿಂದೆ 1. ಎಲ್ಲಿಂದ ಶುರು ಎನ್ನುವುದಷ್ಟೇ ಬದಲಾಗುತ್ತದೆ. ಇನ್ನು ಏಳರಿಂದ ಗುಣಿಸಿದರೆ? ಈ ಆರರಲ್ಲಿ ಒಂದೂ ಉಳಿಯುವುದಿಲ್ಲ: 999999.

ಈ ಪಟ್ಟಿಯನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ಸಾಮಾನ್ಯವಾಗಿ ಅದರ ಕೆಳಗೆ ‘ದೈವೀ ಸಂಖ್ಯೆ’, ‘ವಿಶ್ವದ ರಹಸ್ಯ’ ಎಂಬ ಒಕ್ಕಣೆ ಇರುತ್ತದೆ. ಬೆರಗು ಸಹಜ, ಅದರಲ್ಲಿ ತಪ್ಪಿಲ್ಲ. ಬೆರಗಿಗೆ ರಹಸ್ಯ ಎಂದು ಹೆಸರಿಟ್ಟು ಅಲ್ಲಿಗೇ ಬಿಡುವುದು ಮಾತ್ರ ದೊಡ್ಡ ನಷ್ಟ ಎಂದು ನನಗನ್ನಿಸುತ್ತದೆ. ಏಕೆಂದರೆ ಇದರ ಒಳಗುಟ್ಟು ನಾಲ್ಕನೇ ತರಗತಿಯ ಭಾಗಾಕಾರದಲ್ಲೇ ಇದೆ. ನಾವು ಆ ಭಾಗಾಕಾರವನ್ನು ಮಾಡಿದ್ದೇವೆ, ಮಾಡುವಾಗ ನೋಡಬೇಕಾದ್ದನ್ನು ನೋಡಿಲ್ಲ.

ಬೆಲ್ಲ ಹಂಚೋಣ

ಒಂದು ಅಚ್ಚು ಬೆಲ್ಲ ಇದೆ, ಏಳು ಮಕ್ಕಳು ಕೂತಿದ್ದಾರೆ. ಹಂಚುವ ನಿಯಮ ಒಂದೇ: ಇಡಿಯಾಗಿ ಹಂಚಲು ಆಗದೆ ಉಳಿದ ಪ್ರತಿ ಚೂರನ್ನೂ ಹತ್ತು ಸಮ ಚೂರು ಮಾಡಬೇಕು.

ಒಂದು ಅಚ್ಚನ್ನು ಏಳು ಮಕ್ಕಳಿಗೆ ಇಡಿಯಾಗಿ ಕೊಡಲಾಗದು. ಒಡೆದರೆ ಹತ್ತು ಚೂರು. ತಲೆಗೆ 1ರಂತೆ ಏಳು ಹೋಯಿತು, 3 ಉಳಿಯಿತು. ಆ ಮೂರನ್ನೂ ಒಡೆದರೆ ಮೂವತ್ತು ಸಣ್ಣ ಚೂರು. ತಲೆಗೆ 4, ಉಳಿದದ್ದು 2. ಎರಡು ಒಡೆದರೆ ಇಪ್ಪತ್ತು: ತಲೆಗೆ 2, ಉಳಿದದ್ದು 6. ಆರು ಒಡೆದರೆ ಅರವತ್ತು: ತಲೆಗೆ 8, ಉಳಿದದ್ದು 4. ನಾಲ್ಕು ಒಡೆದರೆ ನಲವತ್ತು: ತಲೆಗೆ 5, ಉಳಿದದ್ದು 5. ಐದು ಒಡೆದರೆ ಐವತ್ತು: ತಲೆಗೆ 7, ಉಳಿದದ್ದು 1.

ಒಂದು ಉಳಿಯಿತು. ನಾವು ಶುರು ಮಾಡಿದ್ದೂ ಒಂದರಿಂದಲೇ. ಈಗಿನದು ಅಚ್ಚಲ್ಲ, ಅಚ್ಚಿನ ಹತ್ತು ಲಕ್ಷದಲ್ಲೊಂದು ಪಾಲಿನ ಪುಡಿ. ಲೆಕ್ಕಕ್ಕೆ ಅದರಿಂದೇನೂ ಬಾಧಕವಿಲ್ಲ. ಒಂದನ್ನು ಒಡೆದರೆ ಹತ್ತು, ತಲೆಗೆ 1, ಉಳಿದದ್ದು 3, ಹೀಗೆ ಹಿಂದಿನ ಕತೆ ಮೊದಲಿನಿಂದ ಶುರು.

ಪ್ರತಿ ಮಗುವಿಗೆ ಸಿಕ್ಕಿದ್ದು ಕ್ರಮವಾಗಿ 1, 4, 2, 8, 5, 7. ನಮ್ಮ ಸಂಖ್ಯೆ ಇಲ್ಲಿಂದ ಬಂತು. ಭಾಗಾಕಾರ ಮಾಡುವಾಗ ನಮ್ಮ ಕಣ್ಣು ಸದಾ ಮೇಲಿನ ಸಾಲಿನ ಮೇಲೆ, ಅಂದರೆ ಭಾಗಲಬ್ಧದ ಮೇಲೆ. ಉತ್ತರ ಅಲ್ಲಿರುತ್ತದಲ್ಲ! ಆದರೆ ಆಟ ನಡೆಸುತ್ತಿರುವುದು ಕೆಳಗೆ ಉಳಿಯುವ ಶೇಷ. ಮುಂದೇನಾಗಬೇಕು ಎಂಬುದನ್ನು ನಿರ್ಧರಿಸುವುದು ಎಷ್ಟು ಉಳಿಯಿತು ಎನ್ನುವುದೊಂದೇ. ಅದಕ್ಕೂ ಮುಂಚೆ ಏನು ನಡೆದಿತ್ತೋ ಅದು ಲೆಕ್ಕಕ್ಕಿಲ್ಲ.

ಏಳರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು 1, 2, 3, 4, 5, 6 ಮಾತ್ರ. ಏಳು ಉಳಿದರೆ ಇನ್ನೊಮ್ಮೆ ಹಂಚಬಹುದಿತ್ತು, ಸೊನ್ನೆ ಉಳಿದರೆ ಹಂಚಿಕೆ ಮುಗಿಯುತ್ತಿತ್ತು. ಆರೇ ಸಾಧ್ಯತೆಗಳಿರುವುದರಿಂದ ಏಳನೆಯ ಹೆಜ್ಜೆಯ ಹೊತ್ತಿಗೆ ಹಳೆಯದೊಂದು ಬರಲೇಬೇಕು. ಏಳರ ಹೆಚ್ಚುಗಾರಿಕೆ ಎಂದರೆ, ಅದು ಆರನ್ನೂ ತಪ್ಪದೆ ಮುಟ್ಟಿ ಆಮೇಲೆ ಮನೆಗೆ ಬರುತ್ತದೆ: 1, 3, 2, 6, 4, 5, ಮತ್ತೆ 1.

ಈ ಸಂಖ್ಯೆಯಲ್ಲಿ 3, 6, 9 ಏಕಿಲ್ಲ ಎಂದು ಅನೇಕರು ಕೇಳುತ್ತಾರೆ. ಉತ್ತರ ಚಿಕ್ಕದು. ಒಡೆದ ಮೇಲೆ ಕೈಯಲ್ಲಿರುವ ಚೂರುಗಳು 10, 20, 30, 40, 50 ಅಥವಾ 60. ಅವುಗಳಲ್ಲಿ ಏಳೇಳರ ಪಾಲು ತೆಗೆದರೆ ಸಿಗುವುದು 1, 2, 4, 5, 7, 8. ಬೇರೆ ಅಂಕಿಗೆ ಜಾಗವೇ ಇಲ್ಲ.

ಆರು ತೊಟ್ಟಿಲು

ಜಾತ್ರೆಯಲ್ಲಿ ಎತ್ತರಕ್ಕೆ ತಿರುಗುವ ತೊಟ್ಟಿಲಮರ ನೆನಪಿಸಿಕೊಳ್ಳಿ. ಅದರಲ್ಲಿ ಆರು ತೊಟ್ಟಿಲುಗಳಿವೆ, ಅವುಗಳ ಮೇಲೆ 1, 3, 2, 6, 4, 5 ಎಂದು ಇದೇ ಸರದಿಯಲ್ಲಿ ಬರೆದಿದೆ ಎನ್ನಿ. ಇವು ನಮ್ಮ ಶೇಷಗಳು. ಒಂದೊಂದು ತೊಟ್ಟಿಲಿನಲ್ಲೂ ಒಂದೊಂದು ಅಂಕಿ ಕೂತಿದೆ: 1ರ ತೊಟ್ಟಿಲಿನಲ್ಲಿ 1, 3ರಲ್ಲಿ 4, 2ರಲ್ಲಿ 2, 6ರಲ್ಲಿ 8, 4ರಲ್ಲಿ 5, 5ರಲ್ಲಿ 7.

ಈಗ ಒಂದು ಅಚ್ಚಿನ ಬದಲು ಎರಡು ಅಚ್ಚು ಬೆಲ್ಲವನ್ನು ಅದೇ ಏಳು ಮಕ್ಕಳಿಗೆ ಹಂಚಿ. ಮೊದಲಿಗೆ ಕೈಯಲ್ಲಿರುವುದು 2. ಎರಡು ಒಡೆದರೆ ಇಪ್ಪತ್ತು, ತಲೆಗೆ 2, ಉಳಿದದ್ದು 6. ಇದು ನಮಗೆ ಗೊತ್ತಿರುವ ಹಾದಿಯೇ. ಹಿಂದೆ ಮೂರನೆಯ ಹೆಜ್ಜೆಯಲ್ಲಿ ಬಂದದ್ದನ್ನು ಈಗ ಮೊದಲನೆಯ ಹೆಜ್ಜೆಯಲ್ಲಿ ಹತ್ತಿದ್ದೇವೆ. ತೊಟ್ಟಿಲು ಅದೇ, ಸುತ್ತು ಅದೇ, ನಾವು ಹತ್ತಿದ್ದು 2ರ ತೊಟ್ಟಿಲಿಗೆ. ಆದ್ದರಿಂದ ಅಂಕಿಗಳು 2, 8, 5, 7, 1, 4 ಎಂದು ಬರುತ್ತವೆ. ಎರಡು ಅಚ್ಚು ಹಂಚಿದರೆ ಪ್ರತಿಯೊಬ್ಬರಿಗೂ ಒಂದು ಅಚ್ಚಿನಲ್ಲಿ ಸಿಕ್ಕಿದ್ದರ ಇಮ್ಮಡಿ ಸಿಗಬೇಕಷ್ಟೆ? ಹಾಗಾಗಿ 142857ರ ಎರಡರಷ್ಟು 285714.

ಐದರಿಂದ ಗುಣಿಸುವುದೆಂದರೆ 5ರ ತೊಟ್ಟಿಲು ಹತ್ತುವುದು: 7, 1, 4, 2, 8, 5. ಆರರಿಂದ ಗುಣಿಸುವುದೆಂದರೆ 6ರ ತೊಟ್ಟಿಲು: 8, 5, 7, 1, 4, 2. ನಾವು ಗುಣಾಕಾರ ಎಂದು ಕರೆಯುತ್ತಿರುವುದು ಇಲ್ಲಿ ಹತ್ತುವ ಜಾಗ ಬದಲಿಸುವುದಲ್ಲದೆ ಬೇರೇನೂ ಅಲ್ಲ. ಇಂಥ ಸಂಖ್ಯೆಯನ್ನು ಕನ್ನಡದಲ್ಲಿ ‘ಸುತ್ತುಸಂಖ್ಯೆ’ ಎಂದು ಕರೆಯಬಹುದು.

ಏಳು ಅಚ್ಚು ಇದ್ದರೆ ತೊಟ್ಟಿಲು ಹತ್ತುವ ಪ್ರಸಂಗವೇ ಬರುವುದಿಲ್ಲ, ತಲೆಗೊಂದು ಇಡೀ ಅಚ್ಚು. ಆದರೆ ನಮ್ಮ ಸಂಖ್ಯೆ ಹತ್ತು ಲಕ್ಷದ ಏಳನೇ ಒಂದು ಪಾಲಿಗೆ ಸ್ವಲ್ಪ ಕಡಿಮೆ. ಆರು ಹೆಜ್ಜೆಯ ಕೊನೆಗೆ ಒಂದು ಪುಡಿ ಉಳಿದಿತ್ತು, ಮರೆತಿಲ್ಲ ತಾನೆ? ಅಚ್ಚಿನಲ್ಲಿದ್ದದ್ದು ಅಂಥ ಹತ್ತು ಲಕ್ಷ ಪುಡಿ. ಏಳು ಮಕ್ಕಳಿಗೂ ಕೂಡಿ ಹೋದದ್ದು ಅದಕ್ಕೆ ಒಂದು ಕಡಿಮೆ. ಅದೇ 999999.

ಸಾಲ ತೀರಿಸುವ ಒಂದು

ಎಂಟರಿಂದ ಗುಣಿಸಿದವರಿಗೆ ಆಟ ಕೆಟ್ಟಿತು ಎನಿಸುತ್ತದೆ. 142857 × 8 = 1142856. ಏಳು ಅಂಕಿ, ಮುಂದೊಂದು 1 ಹೆಚ್ಚಿಗೆ, ಕೊನೆಯಲ್ಲಿ 7ರ ಜಾಗಕ್ಕೆ 6. ಆ ಮುಂದಿನ 1ನ್ನು ಕಿತ್ತು ಹಿಂದಕ್ಕೆ ಕೂಡಿಸಿ: 142856 + 1 = 142857. ಕೆಟ್ಟಿಲ್ಲ!

ಎಂಟು ಸಲ ಎಂದರೆ ಏಳು ಸಲ ಮತ್ತು ಒಂದು ಸಲ. ಏಳು ಸಲಕ್ಕೆ ಹತ್ತು ಲಕ್ಷಕ್ಕೆ ಒಂದು ಕಡಿಮೆ ಬಂತು. ಮುಂದೆ ಕಾಣುವ 1 ಆ ಹತ್ತು ಲಕ್ಷ. ಹಿಂದೆ ಕಡಿಮೆಯಾದ ಒಂದು ಅದು ಮಾಡಿದ ಸಾಲ. ಮುಂದಿನದನ್ನು ಹಿಂದಕ್ಕೆ ತಂದರೆ ಸಾಲ ತೀರಿ ಹಳೆಯ ಮುಖ ಕಾಣುತ್ತದೆ. ಐವತ್ತರಿಂದ ಗುಣಿಸಿದರೆ 7142850. ಏಳೇಳಲಿ ನಲವತ್ತೊಂಬತ್ತು, ಅಂದರೆ ಏಳು ಹತ್ತು ಲಕ್ಷ, ಏಳು ಸಾಲ. 142850ಕ್ಕೆ 7 ಕೂಡಿಸಿ, ಮತ್ತೆ 142857.

ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ಸಂಖ್ಯೆಗಳ ಇಂಥ ಗುಣಗಳನ್ನು ಬದುಕಿಡೀ ಹುಡುಕಿದವರು. ಒಂದು ಸಂಖ್ಯೆಯ ವರ್ಗವನ್ನು ಎರಡು ತುಂಡು ಮಾಡಿ ಕೂಡಿಸಿದರೆ ಅದೇ ಸಂಖ್ಯೆ ಬರುವುದಾದರೆ ಅಂಥದಕ್ಕೆ ಇಂದು ಅವರದೇ ಹೆಸರು. 45 ಅಂಥದು: 45 × 45 = 2025, 20 + 25 = 45. ನಮ್ಮ 142857 ಕೂಡ ಅದೇ ಬಳಗದ್ದು. ಅದರ ವರ್ಗ 20408122449. ತುಂಡು ಮಾಡಿ ಕೂಡಿಸಿ: 20408 + 122449 = 142857. ನೋಡಲು ಪವಾಡದಂತಿದೆ, ಆದರೆ ಇದು ಅದೇ ಸಾಲದ ಲೆಕ್ಕ. 142857ರಲ್ಲಿ 20408 ಏಳುಗಳಿವೆ, ಮೇಲೆ ಒಂದು ಉಳಿಯುತ್ತದೆ. ಅಂದರೆ 20408 ಹತ್ತು ಲಕ್ಷಗಳು ಮುಂದೆ, ಅಷ್ಟೇ ಸಾಲ ಹಿಂದೆ. ತೀರಿಸಿದ ಮೇಲೆ ಒಂದರಿಂದ ಗುಣಿಸಿದಂತೆ ಉಳಿಯುವುದು 142857.

ಎದುರುಬದುರು

ಸಂಖ್ಯೆಯನ್ನು ನಡುವೆ ಸೀಳಿ ಕೂಡಿಸಿ: 142 + 857 = 999. ಎರಡೆರಡು ಅಂಕಿ ಮಾಡಿ ಕೂಡಿಸಿ: 14 + 28 + 57 = 99. ಮೊದಲ ಸಾಲನ್ನು ಫ್ರಾನ್ಸಿನ ಮಿದಿ ಎಂಬವರು 1836ರಲ್ಲಿ ಇನ್ನೂ ಅನೇಕ ಅವಿಭಾಜ್ಯ ಸಂಖ್ಯೆಗಳಿಗೆ ಅನ್ವಯಿಸುವ ನಿಯಮವಾಗಿ ಪ್ರಕಟಿಸಿದರು.

ನಮ್ಮ ತೊಟ್ಟಿಲಿನಲ್ಲಿ ಎದುರುಬದುರು ಇರುವವರು ಯಾರು? 1ರ ಎದುರು 6, 3ರ ಎದುರು 4, 2ರ ಎದುರು 5. ಪ್ರತಿ ಜೋಡಿಯ ಮೊತ್ತವೂ ಏಳು. ಒಬ್ಬರು ಒಂದು ಅಚ್ಚು ಹಂಚುತ್ತಿದ್ದಾರೆ, ಪಕ್ಕದಲ್ಲೇ ಇನ್ನೊಬ್ಬರು ಆರು ಅಚ್ಚು ಹಂಚುತ್ತಿದ್ದಾರೆ ಎನ್ನಿ. ಇಬ್ಬರದೂ ಸೇರಿ ಏಳು ಅಚ್ಚು, ಆದರೂ ಇಬ್ಬರೂ ತಂತಮ್ಮದನ್ನು ಒಡೆಯುತ್ತಲೇ ಹೋಗುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಇಬ್ಬರ ಬಳಿ ಉಳಿದದ್ದನ್ನು ಕೂಡಿಸಿದರೆ ಏಳು. ಅದನ್ನು ಒಡೆದರೆ ಎಪ್ಪತ್ತು, ತಲೆಗೆ ಹತ್ತು ಸಿಗಬೇಕಿತ್ತು. ಇಬ್ಬರಲ್ಲೂ ಒಂದಿಷ್ಟು ಉಳಿದಿರುವುದರಿಂದ ಒಂದು ಕಡಿಮೆಯಾಗಿ ಒಂಬತ್ತು ಸಿಗುತ್ತದೆ. ಮೊದಲನೆಯವರು 1 ಕೊಟ್ಟಾಗ ಎರಡನೆಯವರು 8, 4 ಕೊಟ್ಟಾಗ 5, 2 ಕೊಟ್ಟಾಗ 7. ಎದುರು ತೊಟ್ಟಿಲಿನ ಅಂಕಿಗಳು ಕೂಡಿದರೆ ಒಂಬತ್ತೇ ಆಗಬೇಕು.

ಮಾನ್ಯಖೇಟದ ಕಾಲದ ಹಾರ

ಈ ಲೆಕ್ಕಕ್ಕೂ ಕನ್ನಡ ನಾಡಿಗೂ ಒಂದು ಹಳೆಯ ನಂಟಿದೆ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದರು. ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಂಥದ ಆರಂಭದಲ್ಲೇ ಆಚಾರ್ಯರು ಆ ಅರಸನನ್ನು ಹೊಗಳಿದ್ದಾರೆ. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿ 1912ರಲ್ಲಿ ಮದರಾಸಿನಿಂದ ಹೊರತಂದರು.

ಗುಣಾಕಾರದ ಭಾಗದಲ್ಲಿ ಮಹಾವೀರಾಚಾರ್ಯರು ಹಾರದಂತೆ ಎರಡೂ ತುದಿ ಹೊಂದುವ ಉತ್ತರಗಳನ್ನು ಕೊಡುವ ಲೆಕ್ಕಗಳನ್ನು ಪೋಣಿಸಿದ್ದಾರೆ. ಅವುಗಳಲ್ಲೊಂದು: 142857143 × 7 = 1000000001. ಇಂಥ ಉತ್ತರವನ್ನು ಅವರು ಅರಸನ ಕೊರಳ ಹಾರಕ್ಕೆ ಹೋಲಿಸುತ್ತಾರೆ. ಎರಡು ತುದಿಗೆ ಎರಡು ಒಂದು, ನಡುವೆ ಎಂಟು ಸೊನ್ನೆ, ನಿಜಕ್ಕೂ ಕೊರಳಿಗೆ ಹಾಕಿಕೊಳ್ಳುವ ಹಾಗಿದೆ.

ಗುಣಿಸಬೇಕಾದ ಸಂಖ್ಯೆಯನ್ನು ನಿಧಾನವಾಗಿ ಓದಿ. 142857, ಆಮೇಲೆ 14, ಕೊನೆಗೆ 3. ನಮ್ಮ ಸುತ್ತುಸಂಖ್ಯೆ ಒಂದು ಪೂರಾ ಸುತ್ತು ಹಾಕಿ, ಎರಡನೆಯ ಸುತ್ತಿಗೆ ಎರಡು ಹೆಜ್ಜೆ ಇಟ್ಟು, ಇದ್ದಕ್ಕಿದ್ದಂತೆ 3ರಲ್ಲಿ ನಿಂತಿದೆ. 1000000001ನ್ನು ಏಳರಿಂದ ಭಾಗಿಸಿ ನೋಡಿದರೆ ಕಾರಣ ಕೈಗೆ ಸಿಗುತ್ತದೆ. ಎಂಟು ಸೊನ್ನೆಗಳನ್ನು ಇಳಿಸಿಕೊಳ್ಳುತ್ತಾ ಹೋದಾಗ ಶೇಷಗಳು 3, 2, 6, 4, 5, 1, 3, 2. ಈಗ ಕೈಯಲ್ಲಿ 2. ಇನ್ನೊಂದು ಸೊನ್ನೆ ಇಳಿದಿದ್ದರೆ 20 ಆಗಿ ತೊಟ್ಟಿಲು ತಿರುಗುತ್ತಲೇ ಇರುತ್ತಿತ್ತು. ಇಳಿದದ್ದು 1, ಆದ್ದರಿಂದ 21. ಏಳು ಮೂರಲಿ ಇಪ್ಪತ್ತೊಂದು, ಶೇಷ ಸೊನ್ನೆ. ತಿರುಗುತ್ತಿದ್ದ ತೊಟ್ಟಿಲಿಗೆ ಕೋಲು ಕೊಟ್ಟು ನಿಲ್ಲಿಸಿದ ಹಾಗೆ. ಎಲ್ಲಿ ಕೋಲು ಕೊಟ್ಟರೆ ಹಾರ ಹೊಂದುತ್ತದೆ ಎಂಬುದನ್ನು ಅರಿಯಲು ಶೇಷಗಳ ಓಟ ಬಲ್ಲ ಕಣ್ಣು ಬೇಕು. ಸಾವಿರದ ನೂರೆಪ್ಪತ್ತು ವರ್ಷಗಳಷ್ಟು ಹಿಂದೆ ನಮ್ಮ ನಾಡಿನಲ್ಲಿ ಅಂಥ ಕಣ್ಣಿತ್ತು. ಇದು ನಮ್ಮ ಶಾಲೆಯ ಗಣಿತ ಪುಸ್ತಕಗಳಲ್ಲಿ ಇರಬೇಕು ಎಂದು ನಾನು ಬಯಸುತ್ತೇನೆ.

ಹತ್ತರ ಪಾಲೂ ಇದೆ

ಇಷ್ಟೆಲ್ಲ ಏಳರ ಮಹಿಮೆಯೇ? ಅರ್ಧ ಮಾತ್ರ. ಚೂರನ್ನು ಪ್ರತಿ ಸಲ ಹತ್ತು ಮಾಡಬೇಕು ಎಂದು ನಿಯಮ ಹಾಕಿದವರು ನಾವು. ನಮಗೆ ಹತ್ತು ಬೆರಳು, ಎಣಿಕೆಯೂ ಹತ್ತರದು. ಎಂಟೆಂಟು ಚೂರು ಮಾಡುವ ನಿಯಮವಿದ್ದರೆ? ಒಂದು ಒಡೆದರೆ ಎಂಟು, ತಲೆಗೆ 1, ಉಳಿದದ್ದು 1. ಮತ್ತೆ ತಲೆಗೆ 1, ಉಳಿದದ್ದು 1. ತೊಟ್ಟಿಲು ಒಂದೇ, ಸುತ್ತೂ ಇಲ್ಲ ಸೊಬಗೂ ಇಲ್ಲ. 1957ರ ಏಪ್ರಿಲ್ 1ಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆ. ಅದೇ ರೀತಿ ಹದಿನಾರು ಹದಿನಾರು ಒಡೆಯುತ್ತಾ ಹೋದರೆ ತಲೆಗೆ 2, ಉಳಿದದ್ದು 2. ತಲೆಗೆ 4, ಉಳಿದದ್ದು 4. ತಲೆಗೆ 9, ಉಳಿದದ್ದು 1. ಮೂರೇ ತೊಟ್ಟಿಲು. 142857 ಏಳರ ಮತ್ತು ಹತ್ತರ ಕೂಡು ಸಂತಾನ. ವಿಶ್ವದ ರಹಸ್ಯ ಎನ್ನುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ: ಎಂಟು ಬೆರಳಿನ ಜೀವಿಗಳು ಇದ್ದಿದ್ದರೆ ಅವರಿಗೆ ಈ ಸಂಖ್ಯೆಯಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ.

ಹದಿಮೂರಕ್ಕೆ ಎರಡು ತೊಟ್ಟಿಲಮರ

ಹತ್ತರ ನಿಯಮಕ್ಕೇ ಮರಳಿ, ಮಕ್ಕಳು ಏಳರ ಬದಲು ಹದಿಮೂರು ಎಂದುಕೊಳ್ಳಿ. ಶೇಷಗಳು 1, 10, 9, 12, 3, 4, ಮತ್ತೆ 1. ಹನ್ನೆರಡು ಶೇಷಗಳಲ್ಲಿ ಆರನ್ನು ಮುಟ್ಟಿ ಸುತ್ತು ಮುಗಿದೇಹೋಯಿತು. ಸಿಕ್ಕ ಅಂಕಿಗಳು 076923. ಬಿಟ್ಟುಹೋದ ಆರು ಶೇಷಗಳು ತಮ್ಮದೇ ಬೇರೆ ಸುತ್ತು ಕಟ್ಟಿಕೊಂಡಿವೆ: 2, 7, 5, 11, 6, 8. ಅಲ್ಲಿನ ಅಂಕಿಗಳು 153846. 76923ನ್ನು ಮೂರರಿಂದ ಗುಣಿಸಿದರೆ 230769, ಅವೇ ಅಂಕಿಗಳು. ಎರಡರಿಂದ ಗುಣಿಸಿದರೆ ಪಕ್ಕದ ತೊಟ್ಟಿಲಮರಕ್ಕೆ ಹಾರುತ್ತೇವೆ. ಹನ್ನೊಂದರ ಸ್ಥಿತಿ ಇನ್ನೂ ಬಡವು: 1, 10, 1, 10. ಮೂರರಲ್ಲಿ ಸದಾ 1.

ಒಂದು ಮಾತು ಮಾತ್ರ ಎಲ್ಲ ಕಡೆಯೂ ನಿಜ. ಭಾಗಿಸುವ ಸಂಖ್ಯೆ 2 ಮತ್ತು 5 ಬಿಟ್ಟು ಬೇರಾವುದೇ ಅವಿಭಾಜ್ಯವಾಗಿದ್ದರೆ, ಅದರ ಸುತ್ತುಗಳೆಲ್ಲ ಒಂದೇ ಉದ್ದದವು. ಎರಡು ಅಚ್ಚಿನ ಸುತ್ತು ಒಂದು ಅಚ್ಚಿನ ಸುತ್ತಿನ ಇಮ್ಮಡಿಯಲ್ಲದೆ ಬೇರೆಯಲ್ಲ, ಉದ್ದ ಹೇಗೆ ಬದಲಾದೀತು? ಹಾಗಾಗಿ ಹದಿಮೂರರ ಹನ್ನೆರಡು ಶೇಷಗಳು ಆರಾರರ ಎರಡು ಸುತ್ತಾಗಿ ಒಡೆಯಬಹುದು, ಐದು ಮತ್ತು ಏಳಾಗಿ ಎಂದಿಗೂ ಒಡೆಯವು. ಫ್ರಾನ್ಸಿನ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಬರೆದ ಪ್ರಸಿದ್ಧ ನಿಯಮದ ತಿರುಳೂ ಇದೇ.

ಮುಗಿಯದ ಪಟ್ಟಿ

ಏಳರಂತೆ ಎಲ್ಲ ಶೇಷಗಳನ್ನೂ ಒಂದೇ ಸುತ್ತಿನಲ್ಲಿ ಮುಟ್ಟುವ ಅವಿಭಾಜ್ಯ ಸಂಖ್ಯೆಗಳು ನೂರರೊಳಗೆ ಒಂಬತ್ತು: 7, 17, 19, 23, 29, 47, 59, 61, 97. ಪ್ರತಿಯೊಂದರಿಂದಲೂ ಒಂದೊಂದು ಸುತ್ತುಸಂಖ್ಯೆ ಹುಟ್ಟುತ್ತದೆ. ಸೊನ್ನೆಯಿಂದ ಶುರುವಾಗದೆ ಇರುವುದು ಏಳರದು ಮಾತ್ರ. ಮೊಬೈಲಿನಲ್ಲಿ ಅದೊಂದೇ ಓಡಾಡುವುದು ಅದಕ್ಕೇ ಇರಬೇಕು.

ಈ ಪಟ್ಟಿಗೆ ಕೊನೆಯಿದೆಯೇ? ಗಣಿತಜ್ಞ ಎಮಿಲ್ ಆರ್ಟಿನ್ 1927ರಲ್ಲಿ ಒಂದು ಊಹೆ ಮಂಡಿಸಿದರು. ಅದರ ಪ್ರಕಾರ ಕೊನೆಯಿಲ್ಲ, ದೂರ ಹೋದಂತೆ ಅವಿಭಾಜ್ಯಗಳಲ್ಲಿ ನೂರಕ್ಕೆ ಸುಮಾರು 37 ಇಂಥವೇ ಆಗಿರಬೇಕು. ಕ್ರಿಸ್ಟೊಫರ್ ಹೂಲಿ 1967ರಲ್ಲಿ ಇದನ್ನು ಸಾಧಿಸಿದರು. ಆದರೆ ಅದು ರೀಮಾನ್ ಊಹೆಯ ವಿಸ್ತೃತ ರೂಪ ನಿಜವೆಂದು ಒಪ್ಪಿಕೊಂಡು ಕಟ್ಟಿದ ಸಾಧನೆ, ಆ ಊಹೆಯೇ ಇನ್ನೂ ಸಾಬೀತಾಗಿಲ್ಲ. 1984ರಲ್ಲಿ ರಾಜೀವ್ ಗುಪ್ತಾ ಮತ್ತು ಎಂ. ರಾಮ್ ಮೂರ್ತಿ ಯಾವ ಊಹೆಯ ಆಸರೆಯೂ ಇಲ್ಲದ ದಾರಿ ತೆರೆದರು. ಅದೇ ದಾರಿಯಲ್ಲಿ ಮುಂದೆ ಹೋದ ರೋಜರ್ ಹೀತ್-ಬ್ರೌನ್ 1986ರಲ್ಲಿ ತೋರಿಸಿದ್ದು ಹೀಗಿದೆ: ಹತ್ತರ ಬದಲು ಚೂರನ್ನು ಎರಡೆರಡು, ಮೂರುಮೂರು ಅಥವಾ ಐದೈದು ಮಾಡುವ ನಿಯಮ ಹಾಕಿದರೆ, ಈ ಮೂರರಲ್ಲಿ ಒಂದಕ್ಕಾದರೂ ಪಟ್ಟಿ ಮುಗಿಯುವುದೇ ಇಲ್ಲ. ಆ ಒಂದು ಯಾವುದು ಎಂದು ಹೇಳಲು ಅವರ ಸಾಧನೆಗೆ ಆಗುವುದಿಲ್ಲ. ನಮ್ಮ ಹತ್ತರ ಪಟ್ಟಿ ಮುಗಿಯುತ್ತದೋ ಇಲ್ಲವೋ ಎಂಬುದನ್ನು ಈವರೆಗೆ ಯಾರೂ ಸಾಧಿಸಿಲ್ಲ.

ಈಗ ಒಂದು ಹಾಳೆ ತೆಗೆದುಕೊಂಡು 1ನ್ನು 17ರಿಂದ ಭಾಗಿಸಿ, ಮನೆಯಲ್ಲಿ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸುತ್ತು ಹದಿನಾರು ಅಂಕಿಯದು, ಜೇಬಿನ ಕ್ಯಾಲ್ಕುಲೇಟರಿನ ಪರದೆಗೆ ಹಿಡಿಸುವುದಿಲ್ಲ. ಕೈಯಲ್ಲೇ ಮಾಡಬೇಕು, 17ರ ಮಗ್ಗಿ ಬಂದರೆ ಸಾಕು. ಶೇಷಗಳನ್ನು ಬದಿಯಲ್ಲಿ ಬರೆದುಕೊಳ್ಳುತ್ತಾ ಹೋಗಿ. ಎಂಟನೆಯ ಅಂಕಿ ಬರುವ ಹೊತ್ತಿಗೆ ಶೇಷ 16 ಆಗಿರುತ್ತದೆ, ಅಂದರೆ ನೀವು 1ರ ನೇರ ಎದುರಿನ ತೊಟ್ಟಿಲಿನಲ್ಲಿದ್ದೀರಿ. ಉಳಿದ ಎಂಟು ಅಂಕಿಗಳನ್ನು ಭಾಗಾಕಾರ ಮಾಡದೆಯೇ ಬರೆದುಬಿಡಬಹುದು.